ಸತ್ತ ಕಾಲದಿಂದ ಪಾಠ ಶುರುಮಾಡಿದ ಎದೆಲ್ಮಿರಾ ಟೀಚರ್

ಕ್ಯೂಬಾದ ಪೂರ್ವ ಭಾಗದ ಶಾಲೆಗಳಲ್ಲಿ ಕ್ರಾಂತಿಯ ಚರಿತ್ರೆ ಕಲಿಸಿದವರು ಸಾವಿರಾರು ಮಂದಿ. ಅದು ಏಕೆ ನಡೆಯಿತೆಂದು ಮಕ್ಕಳೇ ವಿಚಾರಿಸುವಂತೆ ಮಾಡಿದವರು ವಿರಳ. ಸಾಂತಾ ರೂಫಿನಾ ಎಂಬ ಸಕ್ಕರೆ ಕಾರ್ಖಾನೆಯ ಊರಿನ ಶಾಲೆಯಿಂದ ಮೂವತ್ತೇಳು ವರ್ಷಗಳ ಸೇವೆಯ ಬಳಿಕ ನಿವೃತ್ತರಾಗುತ್ತಿರುವ ಶ್ರೀಮತಿ ಎದೆಲ್ಮಿರಾ ಸಲ್ದೀವಾರ್ ಅಂಥ ವಿರಳರಲ್ಲಿ ಒಬ್ಬರು.

೧೯೭೪ರಲ್ಲಿ ಅವರು ಕೆಲಸಕ್ಕೆ ಸೇರಿದಾಗ ಪಠ್ಯಪುಸ್ತಕವು ಕ್ರಾಂತಿಯ ನಾಯಕರ ಜನನದಿಂದ ಆರಂಭವಾಗುತ್ತಿತ್ತು. ಟೀಚರ್ ಆರಂಭಿಸಿದ್ದು ಕ್ರಾಂತಿಗೆ ಮುಂಚಿನ ಕಾರ್ಖಾನೆಯ ವರ್ಷಚಕ್ರದಿಂದ: ನಾಲ್ಕು ತಿಂಗಳು ಕಬ್ಬು ಅರೆಯುವ ಕಾಲ, ಎಂಟು ತಿಂಗಳು ಕೂಲಿಯಿಲ್ಲದ ‘ಸತ್ತ ಕಾಲ’. ಗದ್ದೆ, ಗಿರಣಿ, ರೈಲು ಎಲ್ಲವೂ ಪರದೇಶದ ಕಂಪನಿಯವು. ಸಕ್ಕರೆಯ ಬೆಲೆ ನಿಗದಿಯಾಗುತ್ತಿದ್ದುದೂ ಕಡಲಾಚೆ. ಸತ್ತ ಕಾಲದಲ್ಲಿ ಏನು ತಿಂದಿರೆಂದು ಮುದುಕರನ್ನು ಕೇಳಿಬರಲು ಅವರು ಮಕ್ಕಳನ್ನು ಮನೆಮನೆಗೆ ಕಳಿಸುತ್ತಿದ್ದರು. ಗೆಣಸು, ಸಕ್ಕರೆ ನೀರು ಎಂದೇ ಹೆಚ್ಚಿನವರ ಉತ್ತರ.

ಒಮ್ಮೆ ಎಲಿಹಿಯೋ ಎಂಬ ಕಬ್ಬು ಕಡಿಯುವವನನ್ನೇ ತರಗತಿಗೆ ಕರೆತಂದರು. ನಾಯಕರ ಭಾಷಣ ಕೇಳಿ ಬೆಟ್ಟ ಹತ್ತಿ ಬಂಡುಕೋರರನ್ನು ಸೇರಿದಿರಾ ಎಂದು ಒಬ್ಬ ಹುಡುಗಿ ಕೇಳಿದಳು.

“ಭಾಷಣವಾ! ಅಯ್ಯೋ ಮರಿ, ಊರಿಗೆಲ್ಲ ಇದ್ದಿದ್ದು ಮ್ಯಾನೇಜರ್ ಮನೇದು ಒಂದೇ ರೇಡಿಯೋ. ಅರ್ಜಿ ಕೊಟ್ವಿ, ಹರಿದು ಹಾಕಿದ್ರು. ಓಟು ಹಾಕೋಣ ಅಂದ್ರೆ ಚುನಾವಣೇನೇ ನಿಲ್ಲಿಸಿಬಿಟ್ರು. ಮುಷ್ಕರ ಮಾಡಿದ್ವಿ, ಸಿಪಾಯಿಗಳು ಬಂದ್ರು. ಬೆಟ್ಟದಲ್ಲಿ ಯಾರೋ ಇದ್ದಾನಂತೆ ಅಂತ ಸುದ್ದಿ ಬಂತು. ಯಾರಾದ್ರೇನು, ಹೋದ್ವಿ.”

ಮಕ್ಕಳು ನಕ್ಕರು. ಟೀಚರ್ ಅರ್ಜಿ, ಓಟು, ಮುಷ್ಕರ, ಬೆಟ್ಟ ಎಂದು ಅದೇ ಕ್ರಮದಲ್ಲಿ ಹಲಗೆಯ ಮೇಲೆ ಬರೆದರು.

೧೯೮೩ರ ಪರೀಕ್ಷೆಯಲ್ಲಿ ನಾಯಕರು ಅಧಿಕಾರಕ್ಕೆ ಬಂದ ಕಾರಣ ಕೇಳಲಾಗಿತ್ತು. ಕಾರ್ಖಾನೆ ಹನ್ನೆರಡು ತಿಂಗಳೂ ನಡೆದು, ಓಟಿಗೂ ಬೆಲೆಯಿದ್ದಿದ್ದರೆ ಅವರು ಒಳ್ಳೆಯ ವಕೀಲರಾಗಿಯೇ ಉಳಿಯುತ್ತಿದ್ದರು ಎಂದು ನಿವಾಲ್ದೋ ಎಂಬ ವಿದ್ಯಾರ್ಥಿ ಬರೆದ. ಟೀಚರ್ ಪೂರ್ಣ ಅಂಕ ಕೊಟ್ಟರು. ಶಾಲಾ ಇನ್ಸ್‌ಪೆಕ್ಟರ್ ಬಂದರು.

“ಇದರಲ್ಲಿ ನಾಯಕರ ಹಿರಿಮೆ ಎಲ್ಲಿದೆ, ಕಾಮ್ರೇಡ್?”

“ಕೇಳಿದ್ದು ಕಾರಣ. ಹುಡುಗ ಕಾರಣ ಬರೆದಿದ್ದಾನೆ.”

“ಫೇಲ್ ಮಾಡಿ. ಇಲ್ಲಾಂದ್ರೆ ಬೆಟ್ಟದ ಶಾಲೆಯಲ್ಲಿ ಜಾಗ ಖಾಲಿ ಇದೆ.”

“ಅಲ್ಲಿ ಮುದುಕರು ಇದ್ದಾರಾ?”

“ಇದ್ದಾರೆ. ಯಾಕೆ?”

“ಹಾಗಾದ್ರೆ ನನ್ನ ಪಾಠಕ್ಕೇನೂ ತೊಂದರೆ ಇಲ್ಲ ಬಿಡಿ.”

ಮಾತು ಹಗುರವಾಗಿತ್ತು, ಸ್ಥಿತಿ ಹಾಗಿರಲಿಲ್ಲ. ಕಲಿಸಿದವರ ಸಹಿಯಿಲ್ಲದೆ ಅಂಕ ಬದಲಾಗುವಂತಿರಲಿಲ್ಲ. ಆ ಅಂಕವಿಲ್ಲದೆ ನಿವಾಲ್ದೋಗೆ ಮುಂದಿನ ಓದೂ ಇರಲಿಲ್ಲ. ಟೀಚರ್‌ಗೆ ಇಬ್ಬರು ಚಿಕ್ಕ ಹೆಣ್ಣುಮಕ್ಕಳು, ಬೆಟ್ಟದ ಶಾಲೆಗೆ ರಸ್ತೆಯೇ ಇಲ್ಲ. ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಅವರು ಆ ಉತ್ತರವನ್ನು ಮತ್ತೆರಡು ಸಲ ಓದಿದರು. ಸಿಕ್ಕಿದ್ದರೆ ಅಂಕ ಇಳಿಸಿ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ ಎಂದು ಅವರೇ ಹೇಳುತ್ತಾರೆ. ಸಿಗಲಿಲ್ಲ. ಸಹಿ ಹಾಕದೆ, ಹೆಣ್ಣುಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಮೂರು ವರ್ಷ ಬೆಟ್ಟದಲ್ಲಿ ಕಲಿಸಿದರು. ಹಿಂತಿರುಗಿದಾಗ ಕಿರಿಯ ಮಗಳು ಅವರನ್ನು ಅಪರಿಚಿತರಂತೆ ‘ನೀವು’ ಎಂದು ಕರೆದಳಂತೆ. ಆ ಬಗ್ಗೆ ಇಲಾಖೆ ಇಂದಿಗೂ ಒಂದು ಸಾಲು ಬರೆದಿಲ್ಲ.

ತೊಂಬತ್ತರ ದಶಕದಲ್ಲಿ ಕಾಗದ ಸಿಗದಾದಾಗ ಗಿರಣಿಯ ಹಳೆಯ ಚೀಟಿಗಳ ಖಾಲಿ ಬದಿಗಳನ್ನು ಹೊಲಿದು ಮಕ್ಕಳಿಗೆ ಪುಸ್ತಕ ಮಾಡಿಕೊಟ್ಟವರೂ ಇವರೇ.

ನಿವಾಲ್ದೋ ಈಗ ಶಿಕ್ಷಕರ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಾರೆ, ಮತ್ತು ತಮ್ಮ ಅಂದಿನ ಉತ್ತರ ಅರ್ಧ ಮಾತ್ರ ಸರಿ ಎನ್ನುತ್ತಾರೆ: ಹಸಿವು ಎಷ್ಟೋ ದೇಶಗಳಲ್ಲಿತ್ತು, ಜನರನ್ನು ಚದುರದಂತೆ ಹಿಡಿದಿಡಬಲ್ಲವನು ಎಲ್ಲೆಡೆ ಇರಲಿಲ್ಲ. ಟೀಚರ್ ಒಪ್ಪುವುದಿಲ್ಲ. ಭಾನುವಾರಗಳ ಕಾಫಿ ಈ ಜಗಳದಲ್ಲೇ ಆರುತ್ತದೆ.

ಉಳಿದಿರುವ ಮುದುಕರ ನೆನಪುಗಳನ್ನು ಬರೆದಿಡುವ ಕೆಲಸವನ್ನು ಟೀಚರ್ ಕೈಗೆತ್ತಿಕೊಂಡಿದ್ದಾರೆ. ಅದು ಮುಗಿಯುವಷ್ಟು, ಅದರಾಚೆಗೂ, ಅವರಿಗೆ ಆಯುಸ್ಸು ಆರೋಗ್ಯಗಳಿರಲಿ. ನಿವಾಲ್ದೋ ಒಮ್ಮೆಯಾದರೂ ಅವರನ್ನು ವಾದದಲ್ಲಿ ಸೋಲಿಸಲಿ; ಟೀಚರ್ ಅದನ್ನೇ ಕಾಯುತ್ತಿದ್ದಾರೆ.