ಕೇಬಲ್ ಮಾವನ ಕಂಪ್ಯೂಟರು

ನಿನ್ನೆ ಸಂಜೆ ಹಳೆಯ ರೇಡಿಯೊ ಹಾಕಿದೆ. ಕಾದ ದೂಳಿನ ವಾಸನೆ ಮೆಲ್ಲಗೆ ಎದ್ದು ಬಂತು. ಅದರ ಹಿಂದೆಯೇ ಕೊಳ್ಳೇಗಾಲದ ನಮ್ಮ ಮಗ್ಗದ ಬೀದಿಯ ಕೇಬಲ್ ಮಾವನೂ ಬಂದರು... ನೆಂಟರೇನಲ್ಲ, ಪಕ್ಕದ ಮನೆಯವರು. ರೇಷ್ಮೆ ಸೀರೆ ನೇಯುತ್ತಲೇ ಬೀದಿಗೆಲ್ಲ ಇಂಟರ್ನೆಟ್ ತಂತಿ ಎಳೆದವರು.

ಎಲ್ಲ ಮನೆಯ ತಂತಿಯೂ ಅವರ ಮಗ್ಗದ ಕೋಣೆಯ ಹಳೆಯ ಕಂಪ್ಯೂಟರಿಗೆ ಬಂದು ಸೇರುತ್ತಿತ್ತು. ಯಾರ ಮನೆಯ ಮಾತು, ಚಿತ್ರ ಮೊದಲು ಹೋಗಬೇಕೆಂದು ಅದೇ ನೋಡಿ ಕಳಿಸುತ್ತಿತ್ತು. ಆ ಕೆಲಸಕ್ಕೆಂದೇ ಮಾಡಿದ ಪೆಟ್ಟಿಗೆ ಸಿಗುತ್ತದೆ, ತನ್ನಿ ಎಂದು ಅವರ ಹೆಂಡತಿ, ನಮಗೆಲ್ಲ ಅತ್ತೆ, ಹೇಳುತ್ತಲೇ ಇದ್ದರು.

"ಅದು ಕಲ್ತಿರೋದ್ನೇ ಮಾಡ್ತದೆ ಕಣೆ. ಇದಾದ್ರೆ ನಾನ್ ಏಳ್ದಂಗೆ ಕೇಳ್ತದೆ" ಎನ್ನುವರು ಮಾವ.

"ಈ ಮನೇಲಿ ನೀವ್ ಏಳ್ದಂಗೆ ಕೇಳೋದು ಅದೊಂದೇಯ!"

ಮಾವನ ಹಟದ ಹಿಂದೆ ಇದ್ದವಳು ನಮ್ಮವ್ವ. ಅವಳಿಗೆ ಕಿವಿ ಪೂರ್ತಿ ಹೋಗಿತ್ತು, ತುಟಿ ನೋಡಿಯೇ ಮಾತು ತಿಳಿಯುವಳು. ದಿನಾ ಸಂಜೆ ಕೌದಳ್ಳಿಯ ಚಿಕ್ಕವ್ವನಿಗೆ ವಿಡಿಯೊ ಕಾಲ್. ಚಿತ್ರ ನಿಂತರೆ ಮಾತೂ ನಿಂತಂತೆ. ಅದಕ್ಕೇ ಆ ಹೊತ್ತಿನಲ್ಲಿ ನಮ್ಮ ಮನೆಗೆ ಮೊದಲು ದಾರಿ ಬಿಡುವಂತೆ ಮಾವ ಕಂಪ್ಯೂಟರಿಗೆ ಕಲಿಸಿಟ್ಟಿದ್ದರು. ಆದರೂ ನಿಂತರೆ ಅವ್ವ ನಡುಗೋಡೆ ತಟ್ಟುವಳು. ಸರಿಮಾಡಿ ಮಾವ ಆ ಕಡೆಯಿಂದ ತಟ್ಟುವರು. ಅದು ಅವಳ ಅಂಗೈಗೆ ಕೇಳಿಸುತ್ತಿತ್ತು...

ಬೀದಿಯಲ್ಲಿ ಫೋನುಗಳು ಹೆಚ್ಚಿದವು. ಬೇಸಿಗೆಯಲ್ಲಿ ಕಂಪ್ಯೂಟರು ಕಾದು ಕಾದು, ದೂಳಿನ ವಾಸನೆ ಬಿಟ್ಟು ನಿಲ್ಲತೊಡಗಿತು. ಬಿಸಿಲಿಗೆ ರೇಷ್ಮೆ ಎಳೆ ಒಣಗಿ ತುಂಡಾಗದಿರಲೆಂದು ಮಗ್ಗದ ಪಕ್ಕ ಒದ್ದೆ ಬಟ್ಟೆ ಕಟ್ಟುವುದು ನೇಕಾರರ ವಾಡಿಕೆ. ಮಾವ ಕಂಪ್ಯೂಟರಿಗೂ ಒದ್ದೆ ಪಂಚೆ ಹೊದಿಸಿದರು!

"ಜ್ವರ ಬಂದೈತಾ ಅದ್ಕೆ? ಗಂಜಿ ಕಾಯಿಸ್ಲಾ?" ಎಂದರು ಅತ್ತೆ.

ಆ ಸಂಜೆ ನೀರಿಳಿದು ಕಂಪ್ಯೂಟರು ಚಟ್ ಎಂದು ಆರಿತು. ಅರ್ಧ ತೆರೆದ ಬಾಯಲ್ಲಿ ನಿಂತುಹೋದ ಚಿಕ್ಕವ್ವನ ಮುಖವನ್ನು ಅವ್ವ ನೋಡುತ್ತಲೇ ಕೂತಳು. ಗೋಡೆ ತಟ್ಟಿದಳು. ಮತ್ತೆ ಮತ್ತೆ ತಟ್ಟಿದಳು.

ಮರುದಿನವೇ ಮಾವ ಪೆಟ್ಟಿಗೆ ತಂದರು. ಆದರೆ ಕಂಪ್ಯೂಟರನ್ನು ಬಿಸಾಡಲಿಲ್ಲ, ರಿಪೇರಿ ಮಾಡಿಸಿ ಅದರ ಪಕ್ಕದಲ್ಲೇ ಕೂರಿಸಿದರು. "ಬಿರ್ರನೆ ಕಳ್ಸೋದ ಅದು ಕಳ್ಸ್ಲಿ. ಯಾರ್ ಮೊದ್ಲು ಅನ್ನೋದ ಇದು ಏಳ್ಲಿ." ಅವತ್ತು ಸಂಜೆ ಗೋಡೆ ತಟ್ಟಿದವರು ಮಾವನೇ. ಅವ್ವ ನಕ್ಕು ಫೋನು ಎತ್ತಿಕೊಂಡಳು.

ಮಾವ ಈಗಿಲ್ಲ. ಮಗ್ಗಕ್ಕೂ ಕಂಪ್ಯೂಟರಿಗೂ ಅತ್ತೆ ಒಂದೇ ಬಟ್ಟೆ ಮುಚ್ಚಿದ್ದಾರೆ. ಬೀದಿಗೆ ಬೇರೆ ಯಾರದೋ ತಂತಿ ಬಂದಿದೆ, ಬಲು ವೇಗ. ಆದರೆ ಎಲ್ಲರೂ ಸಿನಿಮಾ ಹಾಕಿಕೊಳ್ಳುವ ಹೊತ್ತಿಗೆ ಚಿಕ್ಕವ್ವನ ತುಟಿ ತಡವರಿಸುತ್ತದೆ. ಆ ತಂತಿಗೆ ನಮ್ಮವ್ವ ಯಾರೆಂದು ಗೊತ್ತಿಲ್ಲ...

ನಿನ್ನೆಯೂ ಚಿತ್ರ ನಿಂತಿತು. ಅವ್ವ ನಡುಗೋಡೆ ತಟ್ಟಿದಳು. ಆಮೇಲೆ ಅಂಗೈಯನ್ನು ಅಲ್ಲಿಯೇ ಇಟ್ಟುಕೊಂಡಳು.