ಗುಡುಗಿಗೆ ಕಿತ್ತ ಪಿನ್ನು

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಸೊಸೆ ಅವತ್ತು ಹೇಳಿದ್ದು ನನಗೆ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಹೆಗ್ಗರಣೆಯಿಂದಾಚೆ ನಮ್ಮ ಕೇರಿಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಇಂಟರ್ನೆಟ್ಟಿನ ತಂತಿ ನಮ್ಮ ಮನೆಗೆ ಬಂದು, ಜಗಲಿ ಗೋಡೆಯ ಮೇಲಿನ ರೂಟರ್ ಪೆಟ್ಟಿಗೆಯಿಂದ ಮತ್ತೆ ಐದು ಮನೆಗೆ ಹೋಗುತ್ತದೆ. ಕರೆಂಟು ಹೋದರೆ ಇನ್ವರ್ಟರ್ ಇದೆ. ನೋಡಿಕೊಳ್ಳುವವಳು ನನ್ನ ಸೊಸೆ.

ಹೋದ ವೈಶಾಖದಲ್ಲಿ ಹಳೆಯದು ಕೆಟ್ಟು ಹೊಸ ಪೆಟ್ಟಿಗೆ ಬಂತು. ಯಾವ ಮನೆಗೆ ಯಾವ ದಾರಿ ಎಂದು ಸೊಸೆ ಬೆಳಗಿನಿಂದ ಕೂತು ಅದಕ್ಕೆ ಕಲಿಸಿದಳು. ಪಿನ್ನು ಕಿತ್ತು ಮತ್ತೆ ಚುಚ್ಚಿದಾಗ ಅದು ಏಳುವುದರಲ್ಲಿ ಎರಡು ಬಗೆಯಂತೆ. ಒಳಗೆ ಬರೆದಿಟ್ಟದ್ದಿದ್ದರೆ ಅದನ್ನು ಓದಿಕೊಂಡು ಏಳುತ್ತದೆ. ಇಲ್ಲದಿದ್ದರೆ ಅಂಗಡಿಯಿಂದ ಬಂದ ಹಾಗೆ ಖಾಲಿ ಏಳುತ್ತದೆ. ಸಂಜೆವರೆಗೆ ಸರಿ ನಡೆಯುತ್ತದೋ ನೋಡಿ ಆಮೇಲೆ ಬರೆದಿಡುತ್ತೇನೆ, ಈಗಲೇ ಬರೆದರೆ ತಪ್ಪೂ ಉಳಿದುಬಿಡುತ್ತದೆ ಎಂದಳು. ತಂತಿ ತರಲು ಶಿರಸಿ ಬಸ್ಸು ಹತ್ತುವ ಮೊದಲು ಇನ್ನೊಂದು ಮಾತು ಹೇಳಿದಳು.

"ಅತ್ತೆ, ಇವತ್ತೊಂದಿನ ಗುಡುಗು ಬಂದ್ರೂ ಇದ್ರ ಪಿನ್ನು ತೆಗಿಯಡಿ."

ಮೂರು ಗಂಟೆಗೆ ಗುಡುಗಿತು. ಗುಡುಗಿದರೆ ಮನೆಯ ಪಿನ್ನುಗಳನ್ನೆಲ್ಲ ಕೀಳುವುದು ನಮ್ಮಲ್ಲಿ ಎಲ್ಲರ ಕೈಗೂ ಅಂಟಿದ ರೂಢಿ. ಒಮ್ಮೆ ನಮ್ಮ ಹಳೇ ಫೋನು ತಂತಿಯಲ್ಲಿ ಬಂದ ಸಿಡಿಲಿಗೆ ಸುಟ್ಟು ಕರಿಯಾಗಿತ್ತು. ಟೀವಿಯದ್ದು ಕಿತ್ತೆ, ಮಿಕ್ಸಿಯದ್ದು ಕಿತ್ತೆ. ಸೊಸೆ ಕೀಳಬೇಡಿ ಎಂದಿದ್ದ ರೂಟರಿನ ಮುಂದೆ ಒಂದು ಗಳಿಗೆ ನಿಂತೆ. ಸಿಡಿಲಿನ ವಿಷಯ ಇವಳಿಂದ ಕಲಿಯಬೇಕೇ ಅನ್ನಿಸಿತು. ಕಿತ್ತೆ. ಗುಡುಗು ನಿಂತ ಮೇಲೆ ಚುಚ್ಚಿದೆ, ದೀಪಗಳೆಲ್ಲ ಹತ್ತಿದವು.

ನಾಲ್ಕಕ್ಕೆ ಪಕ್ಕದ ಮನೆಯ ಹುಡುಗಿಗೆ ಕಂಪ್ಯೂಟರಿನಲ್ಲೇ ಸಂದರ್ಶನ. ಸಿದ್ದಾಪುರದ ಕಡೆಯ ಒಂದು ಶಾಲೆಯಲ್ಲಿ ಟೀಚರ್ ಕೆಲಸ. ಮೂರೂವರೆಗೆ ಅವಳ ತಾಯಿ ಓಡಿಬಂದಳು. ಲೈನು ಹೋಗಿದೆ, ಪಿನ್ನು ಏನಾದರೂ ತೆಗೆದಿರೋ ಎಂದು ಕೇಳಿದಳು.

"ಇಲ್ಲೆ, ತೆಗದ್ನಿಲ್ಲೆ," ಎಂದೆ. "ದೀಪ ಉರೀತಾ ಇದ್ದಲೆ. ಲೈನು ಈಗ ಬತ್ತು."

ಅವಳು ನನ್ನ ಮಾತು ನಂಬಿ ಮಗಳನ್ನು ಮನೆಯಲ್ಲೇ ಕೂರಿಸಿದಳು. ಲೈನು ಬರಲಿಲ್ಲ. ಶಾಲೆಯವರು ಮತ್ತೆ ಕರೆಯಲೂ ಇಲ್ಲ.

ಆರರ ಬಸ್ಸಿಗೆ ಇಳಿದ ಸೊಸೆಯನ್ನು ಆ ತಾಯಿ ನಮ್ಮ ಅಂಗಳದಲ್ಲೇ ನಿಲ್ಲಿಸಿ ಬೈದಳು. ಬಾರದ ಕೆಲಸಕ್ಕೆ ಕೈ ಹಾಕಿ ತನ್ನ ಮಗಳ ಬಾಯಿಗೆ ಮಣ್ಣು ಹಾಕಿದೆ ಎಂದಳು. ಸೊಸೆ ಪೆಟ್ಟಿಗೆ ನೋಡಿ ಬಂದು, ತಪ್ಪು ತನ್ನದೇ, ಬರೆದಿಟ್ಟು ಹೋಗಬೇಕಿತ್ತು ಎಂದಳು. ನಾನು ಅಲ್ಲೇ ಸೀರೆ ಮಡಚುತ್ತಿದ್ದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ಎಂಟು ದಿನ ಊಟ ಸೇರಲಿಲ್ಲ. ಅದರಿಂದ ಯಾರಿಗೂ ಉಪಕಾರವಾಗಲಿಲ್ಲ. ಒಂಬತ್ತನೇ ದಿನ ಸೊಸೆ ಪಾತ್ರೆ ತೊಳೆಯುವಾಗ ಹೋಗಿ ಒಪ್ಪಿಕೊಂಡೆ.

"ಅವತ್ತು ಪಿನ್ನು ತೆಗದವ್ಳು ಆನೇಯ."

"ಗೊತ್ತಿದ್ದು, ಅತ್ತೆ. ಎಷ್ಟೊತ್ತಿಗೆ ಎದ್ದಿದ್ದು ಹೇಳಿ ಪೆಟ್ಟಿಗೆನೇ ತೋರಿಸ್ತು."

"ಮತ್ತೆ ಬೈಗುಳ ಎಂತಕ್ಕೆ ತಿಂದೆ?"

"ನಿಂಗ್ಳ ಬಾಯಿಂದ್ಲೇ ಬರ್ಲಿ ಹೇಳಿ ಸುಮ್ನಿದ್ದಿ," ಎಂದು ಅವಳು ಬೋಗುಣಿ ಕವುಚಿಟ್ಟಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಪಾರಾಗುತ್ತಿದ್ದೆ.

ಹಾಗೇ ಪಕ್ಕದ ಮನೆಗೆ ನಡೆದೆ. ನಮ್ಮ ಕಡೆ ಯಾರೇ ಬಂದರೂ ಮೊದಲು ಆಸರಿಗೆ ಎಂತ ಬೇಕು ಎಂದು ಕೇಳುತ್ತಾರೆ. ನೀರೋ ಮಜ್ಜಿಗೆಯೋ ಕುಡಿದ ಮೇಲೆಯೇ ಮಾತು. ಆಕೆಯೂ ಕೇಳಿದಳು. ಹೇಳುವುದಿದೆ, ಆಮೇಲೆ ಕುಡಿಯುತ್ತೇನೆ ಎಂದು ಎಲ್ಲವನ್ನೂ ಹೇಳಿದೆ. ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

"ಪಿನ್ನು ತೆಗದ್ದಿ ಹೇಳಿದ್ರೆ ಸಾಕಾಗಿತ್ತು," ಎಂದಳು ತಾಯಿ. "ಅರ್ಧ ಗಂಟೆ ಇತ್ತು. ಸ್ಕೂಟಿ ಮೇಲೆ ಹೆಗ್ಗರಣೆಗೆ ಹೋಗಿದ್ರೆ ಕೂಸಿಗೆ ಸಿಗ್ನಲ್ ಸಿಕ್ತಿತ್ತು."

ಅದು ನನಗೆ ಹೊಳೆದಿರಲಿಲ್ಲ. ಪಿನ್ನು ಕಿತ್ತದ್ದಕ್ಕಲ್ಲ, ಇಲ್ಲ ಎಂದದ್ದಕ್ಕೆ ಆ ಕೆಲಸ ಹೋಗಿತ್ತು.

ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ. ಆಸರಿಗೆ ಬೇಕೋ ಎಂದು ಆಕೆ ಮತ್ತೆ ಕೇಳಲಿಲ್ಲ. ಎದ್ದು ಬಂದೆ.