ಕೂತು ಕೊಟ್ಟ ಅಳತೆ

"ಕರುಳಿನ ಕೊನೇಲಿ ಗಡ್ಡೆ ಇದೆ. ಅದನ್ನ ತೆಗೆದು ಹೊಟ್ಟೆ ಮೇಲೆ ಬಾಯಿ ಮಾಡ್ತೀವಿ. ಇನ್ಮೇಲೆ ಮಲ ಅಲ್ಲಿಂದ್ಲೇ, ಮೇಲೆ ಅಂಟಿಸೋ ಚೀಲಕ್ಕೆ ಬರುತ್ತೆ" ಎಂದು ದೊಡ್ಡ ಡಾಕ್ಟರು ಹೇಳಿದಾಗ ನಮ್ಮ ದರ್ಜಿಯಮ್ಮ ಕೇಳಿದ್ದೇನು ಗೊತ್ತೆ? "ಮಷೀನ್ ತುಳಿಯೋಕಾಗುತ್ತಾ?" ಬದುಕುತ್ತೇನಾ ಎಂದು ಕೇಳಲಿಲ್ಲ, ಪುಣ್ಯಾತ್ಗಿತ್ತಿ! ನಲವತ್ತು ವರ್ಷ ಹೊಲಿದವಳು, ಕೂತು ಹೊಲಿಯಲಾಗದಿದ್ದರೆ ಬದುಕಿ ಮಾಡುವುದೇನು ಎಂಬುದೇ ಅವಳ ವಾದ.

ಆಪರೇಷನ್ನಿನ ಹಿಂದಿನ ದಿನ, ಹೊಸದಾಗಿ ಸೇರಿದ ಡಾಕ್ಟರೊಬ್ಬ ಅವಳನ್ನು ಮಲಗಿಸಿ, ಹೊಕ್ಕುಳಿನ ಎಡಕ್ಕೆ, ತುಸು ಕೆಳಗೆ, ಬಾಯಿ ಮಾಡುವ ಜಾಗಕ್ಕೆ ಪೆನ್ನಿನಿಂದ ಗುಂಡಗೆ ಗುರುತು ಹಾಕಿದ.

"ಅಯ್ಯೋ ನಿನ್ನ! ಮಲಗಿಸಿ ಯಾರಾದ್ರೂ ಅಳತೆ ತಗೋತಾರೇನಪ್ಪಾ?" ಎಂದು ಅವಳು ದಡಕ್ಕನೆ ಎದ್ದಳು. "ಮಲಗಿದ್ರೆ ಎಲ್ಲರ ಹೊಟ್ಟೇನೂ ಚಪ್ಪಟೆನೇ. ಸ್ಟೂಲ್ ತನ್ನಿ!"

"ಅತ್ತೆ, ಸುಮ್ನಿರಿ" ಎಂದು ಸೊಸೆ ಕೈ ಎಳೆದಳು. ಡಾಕ್ಟರ್ ಪಿಳಿಪಿಳಿ ಕಣ್ಣು ಬಿಟ್ಟ. ಹಿರಿಯ ನರ್ಸ್ ಮಾತ್ರ ಕಿಸಕ್ಕನೆ ನಕ್ಕು ಸ್ಟೂಲ್ ತಂದಿಟ್ಟಳು. ದರ್ಜಿಯಮ್ಮ ಕೂತಳು, ಇಲ್ಲದ ಬಟ್ಟೆಯ ಮೇಲೆ ಬಾಗಿದಳು, ಇಲ್ಲದ ಪೆಡಲು ತುಳಿದಳು. ಗುರುತು ಹೊಟ್ಟೆಯ ಮಡಿಕೆಯೊಳಗೆ ಮಾಯ!

"ನೋಡಿದ್ರಾ? ಚೀಲ ಅಂಟಿಸೋದು ಇಲ್ಲೇ ತಾನೆ? ಒಂದು ತೋಳು ಹೊಲಿಯೋಷ್ಟ್ರಲ್ಲಿ ಕಿತ್ಕೊಂಡು ಬರುತ್ತೆ."

"ಸರಿಯಾಗೇ ಹೇಳಿದ್ರು ಡಾಕ್ಟ್ರೇ, ಕೂರಿಸಿನೂ ನೋಡ್ಬೇಕು" ಎಂದಳು ನರ್ಸ್.

ಡಾಕ್ಟರ್ ಕಿವಿಯವರೆಗೂ ಕೆಂಪಾಗಿ ಪೆನ್ನನ್ನು ದರ್ಜಿಯಮ್ಮನ ಕೈಗೇ ಕೊಟ್ಟ. ಎರಡು ಬೆರಳಷ್ಟು ಮೇಲಕ್ಕೆ, ಮಡಿಕೆ ತಾಗದ ಕಡೆ, ಅವಳೇ ಹೊಸ ಗುರುತು ಹಾಕಿಕೊಂಡಳು.

ಆಪರೇಷನ್ ಆದ ಮೂರನೆಯ ದಿನ ಚೀಲದೊಳಗೆ ಪುರ್ರೆಂದು ಗಾಳಿ ಬಂತು. "ಕರುಳು ಕೆಲಸ ಶುರು ಮಾಡ್ತು!" ಎಂದು ನರ್ಸ್ ಕೂಗಿದ್ದೇ ತಡ, ವಾರ್ಡಿಗೆ ವಾರ್ಡೇ ಚಪ್ಪಾಳೆ.

"ಹೂಸಿಗೂ ಚಪ್ಪಾಳೆ ಹೊಡೀತಾರೆ ಅಂತ ಗೊತ್ತಿದ್ರೆ ಇಷ್ಟು ವರ್ಷ ಬಿಗಿ ಹಿಡೀತಿದ್ನೇನೇ!" ಎಂದು ದರ್ಜಿಯಮ್ಮ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಕ್ಕಿದ್ದೇನೋ ನಕ್ಕಳು, ಆದರೆ ಅಸಲಿ ಪರೀಕ್ಷೆ ಮನೆಯಲ್ಲಿತ್ತು. ಎರಡು ತಿಂಗಳಾದ ಮೇಲೆ, ಡಾಕ್ಟರು ಹೂಂ ಅಂದ ದಿನವೇ ಅವಳು ಮಷೀನಿನ ಮುಂದೆ ಕೂತಳು. ಸೊಸೆ ಟವೆಲು ಹಿಡಿದು ಪಕ್ಕದಲ್ಲೇ ನಿಂತಳು. ಒಂದು ತೋಳು ಮುಗಿಯಿತು. ಇನ್ನೊಂದು ತೋಳು ಮುಗಿಯಿತು. ಕಾಲರು, ಕಾಜ, ಕೊನೆಗೆ ಇಡೀ ಅಂಗಿಯೇ ಮುಗಿಯಿತು! ಇಬ್ಬರೂ ಸೆರಗು ಸರಿಸಿ ನೋಡಿದರು. ಚೀಲದ ಅಂಚು ಕೂದಲೆಳೆಯಷ್ಟೂ ಎದ್ದಿರಲಿಲ್ಲ.

"ಅತ್ತೇ, ಹಂಗೇ ಇದೆ!" ಎಂದು ಸೊಸೆ ಕಿರುಚಿದಳು.

ದರ್ಜಿಯಮ್ಮ ಸೂಜಿಗೆ ದಾರ ಪೋಣಿಸಲು ಹೋದಳು. ಕಣ್ಣು ತುಂಬಿ ಸೂಜಿಯೇ ಕಾಣಲಿಲ್ಲ.

"ನೀನೇ ಪೋಣಿಸು ಮಗಳೇ" ಎಂದಳು. "ಇನ್ನೊಂದು ಅಂಗಿ ಹೊಲೀತೀನಿ."